ಅಪರಾಧ ಕಾನೂನಿನ ಮೂಲತತ್ವಗಳನ್ನು ಓದುವ ಬಗೆ: ಹುಬ್ಬಳ್ಳಿ-ಧಾರವಾಡದ ಎಲ್‌ಎಲ್‌ಬಿ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಕಾನೂನು ಕಾಲೇಜಿಗೆ ಸೇರಿದವರಿಗೆ ಮದುವೆ ಮನೆಯಲ್ಲೋ ಊರ ಕಟ್ಟೆಯ ಮೇಲೋ ಎದುರಾಗುವ ಮೊದಲ ಪರೀಕ್ಷೆ ಇದು: "ಕೊಲೆಗೆ ಯಾವ ಕಲಂ, ಹೇಳು ನೋಡೋಣ." 302 ಎಂದರೆ ಹಿರಿಯರು ತಲೆದೂಗುತ್ತಾರೆ. ಆದರೆ ಆ ಉತ್ತರ ಈಗ ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ ಕಲಂ 103ಕ್ಕೆ ಹೋಗಿದೆ. 302 ಈಗ ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತಿನ ಕಲಂ. ಅಂಕಿಗಳನ್ನು ಕಂಠಪಾಠ ಮಾಡಿದ್ದವರ ವಿದ್ಯೆ ಹೀಗೆ ಒಂದೇ ರಾತ್ರಿಯಲ್ಲಿ ಹಳತಾಯಿತು. ಕಲಮಿನ ಒಳಗಿನ ಅಂಶಗಳನ್ನು ಬಿಡಿಸಿ ಓದಿದ್ದವರಿಗೆ ಅಷ್ಟು ನಷ್ಟವಾಗಲಿಲ್ಲ. ಕೊಲೆಯ ವ್ಯಾಖ್ಯೆ 1860ರ ಭಾರತೀಯ ದಂಡ ಸಂಹಿತೆಯಲ್ಲಿ ಹೇಗಿತ್ತೋ ಹೆಚ್ಚುಕಡಿಮೆ ಹಾಗೆಯೇ ಹೊಸದರಲ್ಲೂ ಉಳಿದಿದೆ.

ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಓದುವವರನ್ನು, ಅದರಲ್ಲೂ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಗೈಡ್ ಪುಸ್ತಕ ಹಿಡಿದೇ ಪಾಸಾಗುವ ದಾರಿ ಬೇಕಾದವರಿಗೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಮೊದಲ ಹೆಜ್ಜೆ: ಮೂಲ ಕಾಯ್ದೆ ಕೈಯಲ್ಲಿರಲಿ

ಪಠ್ಯಪುಸ್ತಕ ಆಮೇಲೆ. ಮೊದಲು ಟಿಪ್ಪಣಿಗಳಿಲ್ಲದ ಮೂಲ ಕಾಯ್ದೆ, ಅಂದರೆ ಬೇರ್ ಆ್ಯಕ್ಟ್, ಕೊಳ್ಳಿ. ಹೊಸ ಸಂಹಿತೆಯಲ್ಲಿ 358 ಕಲಂಗಳಿವೆ. ಹಳೆಯದರಲ್ಲಿ 511 ಇದ್ದವು. ಜನರ ಬಾಯಲ್ಲಿ ವಂಚಕನಿಗೆ ಅಂಟಿಕೊಂಡಿರುವ 420 ಎಂಬ ಕಲಂ ಹೊಸ ಸಂಹಿತೆಯಲ್ಲಿ ಇಲ್ಲವೇ ಇಲ್ಲ, ಅಷ್ಟು ದೂರ ಪುಸ್ತಕವೇ ಹೋಗುವುದಿಲ್ಲ. ವಂಚನೆ ಈಗ 318ರಲ್ಲಿದೆ.

ಎಲ್ಲ 358ನ್ನೂ ಮೊದಲ ಸೆಮಿಸ್ಟರಿನಲ್ಲಿ ಓದಬೇಕಾಗಿಲ್ಲ. ಎರಡನೆಯ ಕಲಮಿನ ವ್ಯಾಖ್ಯೆಗಳು, ಮೂರನೆಯ ಕಲಂ, 14ರಿಂದ 44ರವರೆಗಿನ ಸಾಮಾನ್ಯ ವಿನಾಯಿತಿಗಳು, ದುಷ್ಪ್ರೇರಣೆ (ಅಪರಾಧಕ್ಕೆ ಕುಮ್ಮಕ್ಕು), ಒಳಸಂಚು ಮತ್ತು ಪ್ರಯತ್ನದ ಕಲಂಗಳು, ಬಳಿಕ ದೇಹ ಮತ್ತು ಸ್ವತ್ತಿನ ವಿರುದ್ಧದ ಅಪರಾಧಗಳು. ಈ ವಿಷಯದ ಬೆನ್ನೆಲುಬು ಇಷ್ಟೇ. ವ್ಯಾಖ್ಯೆಗಳ ಕಲಮನ್ನು ಹಾರಿಸುವವರೇ ಹೆಚ್ಚು. "ಅಪ್ರಾಮಾಣಿಕವಾಗಿ" ಎಂಬ ಪದಕ್ಕೆ ಕಾಯ್ದೆ ತನ್ನದೇ ಅರ್ಥ ಕೊಟ್ಟಿದೆ: ಒಬ್ಬನಿಗೆ ಅಕ್ರಮ ಲಾಭ ಇಲ್ಲವೇ ಇನ್ನೊಬ್ಬನಿಗೆ ಅಕ್ರಮ ನಷ್ಟ ಉಂಟುಮಾಡುವ ಉದ್ದೇಶ. ಇದು ತಿಳಿಯದಿದ್ದರೆ ಕಳವು, ನಂಬಿಕೆ ದ್ರೋಹ, ವಂಚನೆ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ.

ಕಲಮಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ದೃಷ್ಟಾಂತಗಳನ್ನೂ ಬಿಡಬೇಡಿ. ಅವು ಕಾಯ್ದೆಯದೇ ಭಾಗ. ಪರೀಕ್ಷೆಯ ಸಮಸ್ಯೆಗಳಲ್ಲಿ ಎಷ್ಟೋ ಇವೇ ದೃಷ್ಟಾಂತಗಳು ಊರು ಬದಲಿಸಿಕೊಂಡು ಬಂದವು.

ಎರಡನೆಯ ಹೆಜ್ಜೆ: ಎರಡು ಅಂಕಣದ ನೋಟ್‌ಬುಕ್

ಹಳೆಯ ಸಂಹಿತೆಯನ್ನು ಎಸೆಯುವ ಹಾಗಿಲ್ಲ. ಕಾರಣ ಎರಡು. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನಿನಂತೆಯೇ ಶಿಕ್ಷೆ ಎಂಬುದು ಸಂವಿಧಾನದ 20(1)ನೇ ವಿಧಿಯ ಭರವಸೆ. ಎರಡನೆಯದು, ನೀವು ಓದಬೇಕಾದ ತೀರ್ಪುಗಳೆಲ್ಲ ಹಳೆಯ ಸಂಖ್ಯೆಗಳಲ್ಲೇ ಮಾತನಾಡುತ್ತವೆ.

ಆದ್ದರಿಂದ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಬರೆದಿಟ್ಟುಕೊಳ್ಳಿ. 34 ಈಗ 3(5). 84 ಈಗ 22. 96 ಈಗ 34. 299 ಮತ್ತು 300 ಈಗ 100 ಮತ್ತು 101. 304 ಈಗ 105, 304ಎ ಈಗ 106. 378 ಈಗ 303. 511 ಈಗ 62. ಸಂಖ್ಯೆಯ ಜೊತೆಗೆ ಒಳಗಿನ ಬದಲಾವಣೆಯನ್ನೂ ಗುರುತಿಸಿ: ನಿರ್ಲಕ್ಷ್ಯದಿಂದಾದ ಸಾವಿಗೆ ಗರಿಷ್ಠ ಶಿಕ್ಷೆ ಎರಡು ವರ್ಷದಿಂದ ಐದು ವರ್ಷಕ್ಕೆ ಏರಿದೆ, ಸರ ಕಸಿಯುವಂತಹ ಕೃತ್ಯಕ್ಕೆ 304 ಎಂಬ ಪ್ರತ್ಯೇಕ ಕಲಂ ಬಂದಿದೆ, ಸಮುದಾಯ ಸೇವೆ ಶಿಕ್ಷೆಯ ಪಟ್ಟಿಗೆ ಸೇರಿದೆ. ಈ ಪಟ್ಟಿಯನ್ನು ಮೊಬೈಲ್‌ನಲ್ಲಿ ಇಳಿಸಿಕೊಳ್ಳುವುದು ಸುಲಭ. ಕೈಯಾರೆ ಬರೆದರೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಕಲಮನ್ನು ಒಡೆಯುವುದು

ಇಲ್ಲಿ ನಿಧಾನಿಸಿ. ಅಪರಾಧ ಕಾನೂನಿನ ಓದೆಲ್ಲ ಈ ಒಂದು ಅಭ್ಯಾಸದ ಮೇಲೆ ನಿಂತಿದೆ. ಪ್ರತಿ ಅಪರಾಧವೂ ಕೆಲವು ಅಂಶಗಳ ಮೊತ್ತ. ಎಲ್ಲ ಅಂಶಗಳೂ ಕೂಡಿದರೆ ಅಪರಾಧ. ಒಂದು ತಪ್ಪಿದರೂ ಆ ಅಪರಾಧವಲ್ಲ, ಬೇರೆ ಯಾವುದಾದರೂ ಆಗಬಹುದು.

ಕಳವನ್ನು ತೆಗೆದುಕೊಳ್ಳಿ. ಕಲಂ 303ನ್ನು ಪೆನ್ಸಿಲ್ ಹಿಡಿದು ಓದಿದರೆ ಐದು ಅಂಶಗಳು ಸಿಗುತ್ತವೆ: ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶ, ಚರ ಸ್ವತ್ತು, ಇನ್ನೊಬ್ಬರ ಸ್ವಾಧೀನ, ಅವರ ಒಪ್ಪಿಗೆ ಇಲ್ಲದಿರುವುದು, ಒಯ್ಯುವುದಕ್ಕಾಗಿ ಆ ವಸ್ತುವನ್ನು ಕದಲಿಸುವುದು. ಈಗ ಬ್ಯಾಡಗಿ ಕಡೆಯ ಒಂದು ಹೊಲಕ್ಕೆ ಹೋಗೋಣ. ಗಿಡದಲ್ಲಿ ಕೆಂಪಗೆ ತೂಗುತ್ತಿರುವ ಮೆಣಸಿನಕಾಯಿ ಚರ ಸ್ವತ್ತೇ? ನೆಲಕ್ಕೆ ಅಂಟಿಕೊಂಡಿರುವವರೆಗೂ ಅಲ್ಲ. ಕಳ್ಳ ಅದನ್ನು ಕಿತ್ತ ಕ್ಷಣದಲ್ಲೇ ಅದು ಚರ ಸ್ವತ್ತಾಗುತ್ತದೆ. ಕೀಳುವ ಕ್ರಿಯೆಯೇ ಕದಲಿಕೆಯೂ ಆಗುತ್ತದೆ. ಮರ ಕಡಿಯುವವನ ದೃಷ್ಟಾಂತ ಕಾಯ್ದೆಯಲ್ಲಿಯೇ ಇದೆ. ಕಳ್ಳ ಹೊಲದ ಬದು ದಾಟಬೇಕಾಗಿಲ್ಲ, ಚೀಲ ಮನೆ ಮುಟ್ಟಬೇಕಾಗಿಲ್ಲ.

ಸ್ವಾಧೀನದ ಅಂಶ ಇನ್ನೂ ಸ್ವಾರಸ್ಯಕರ. ಕಾಯ್ದೆ ಕೇಳುವುದು ವಸ್ತು ಯಾರ ವಶದಲ್ಲಿತ್ತು ಎಂಬುದನ್ನು. ಒಡೆತನ ಬೇರೆ ಮಾತು. ದುರಸ್ತಿಗೆ ಬಿಟ್ಟ ನಿಮ್ಮದೇ ಬೈಕನ್ನು, ಮೆಕ್ಯಾನಿಕ್ ತನ್ನ ಹಣಕ್ಕಾಗಿ ಕಾನೂನುಬದ್ಧವಾಗಿ ಹಿಡಿದಿಟ್ಟುಕೊಂಡಿರುವಾಗ, ಆ ಭದ್ರತೆಯನ್ನು ತಪ್ಪಿಸಲೆಂದೇ ರಾತ್ರಿ ಗ್ಯಾರೇಜಿನಿಂದ ಎತ್ತಿಕೊಂಡು ಬಂದರೆ ನೀವೇ ಕಳ್ಳರು. ಕಾಯ್ದೆಯಲ್ಲಿ ಇದು ಗಡಿಯಾರದ ದೃಷ್ಟಾಂತವಾಗಿ ಬಂದಿದೆ. ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶವೂ ಬೇಕಾಗಿಲ್ಲ. ಕಚೇರಿಯ ಕಡತವನ್ನು ಒಂದೆರಡು ದಿನಕ್ಕೆಂದು ಹೊರಗೆ ಸಾಗಿಸಿದ್ದೂ ಕಳವೇ ಎಂದು 1963ರಲ್ಲಿ ಪ್ಯಾರೇಲಾಲ್ ಭಾರ್ಗವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಳವು ಹೀಗೆ ಕೈವಶವಾದರೆ ಅದರ ನೆರೆಹೊರೆ ಸಲೀಸು. ಚೀಲ ಒಯ್ಯಲು ಅಡ್ಡ ಬಂದವನಿಗೆ ಹೊಡೆದರೆ ಸುಲಿಗೆ. ಆ ಗುಂಪಿನಲ್ಲಿ ಐದು ಅಥವಾ ಹೆಚ್ಚು ಜನರಿದ್ದರೆ ಡಕಾಯಿತಿ. ಹೆದರಿಸಿ, ಮಾಲೀಕನೇ ತನ್ನ ಕೈಯಿಂದ ಕೊಡುವಂತೆ ಮಾಡಿದರೆ ಬೆದರಿಕೆ ವಸೂಲಿ. ನಂಬಿ ಒಪ್ಪಿಸಿದ ಮಾಲನ್ನು ನುಂಗಿದರೆ ನಂಬಿಕೆ ದ್ರೋಹ. ಸುಳ್ಳು ಹೇಳಿ ಕೊಡಿಸಿಕೊಂಡರೆ ವಂಚನೆ.

ವಂಚನೆಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಮಾರುಕಟ್ಟೆಗಳ ಅರ್ಧ ಜಗಳ ಇದೇ. ಅಮರಗೋಳದ ಎಪಿಎಂಸಿಯಲ್ಲಿ ವ್ಯಾಪಾರಿಯೊಬ್ಬ ಉಳ್ಳಾಗಡ್ಡಿಯನ್ನು ಉದ್ದರಿ ಕೊಂಡು ಹಣ ಕೊಡದೆ ಸತಾಯಿಸಿದರೆ ರೈತ ಪೊಲೀಸ್ ಠಾಣೆಗೆ ಹೋಗುತ್ತಾನೆ. ಕೊಳ್ಳುವಾಗಲೇ ಕೊಡಬಾರದೆಂಬ ಉದ್ದೇಶವಿತ್ತೇ ಎಂಬುದು ಕಾನೂನಿನ ಪ್ರಶ್ನೆ. ಇದ್ದರೆ ವಂಚನೆ, ಆಮೇಲೆ ದರ ಬಿದ್ದು ಕೈ ಖಾಲಿಯಾಗಿದ್ದರೆ ಅದು ಸಿವಿಲ್ ದಾವೆ. 2000ದ ಹೃದಯ ರಂಜನ್ ಪ್ರಸಾದ್ ವರ್ಮಾ ತೀರ್ಪು ಇದೇ ಗೆರೆಯನ್ನು ಎಳೆದಿದೆ.

ನಾಲ್ಕನೆಯ ಹೆಜ್ಜೆ: ಮನಸ್ಸನ್ನು ಕೃತ್ಯದಿಂದ ಓದುವುದು

ಆಕ್ಟಸ್ ರಿಯಸ್, ಮೆನ್ಸ್ ರಿಯಾ ಎಂಬ ಎರಡು ಲ್ಯಾಟಿನ್ ಮಾತುಗಳು ಮೊದಲ ವಾರದಲ್ಲೇ ಬರುತ್ತವೆ: ತಪ್ಪು ಕೃತ್ಯ, ತಪ್ಪು ಮನಸ್ಸು. ಇವುಗಳ ಮೇಲೆ ಪುಟಗಟ್ಟಲೆ ಬರೆಯುವ ಉತ್ಸಾಹ ಬೇಡ. ನಮ್ಮ ಸಂಹಿತೆ ಮೆನ್ಸ್ ರಿಯಾ ಎಂಬ ಮಾತನ್ನು ಬಳಸುವುದೇ ಇಲ್ಲ. ಪ್ರತಿ ಕಲಮಿನಲ್ಲೂ ಬೇಕಾದ ಮನಃಸ್ಥಿತಿಯನ್ನು ಉದ್ದೇಶ, ತಿಳಿವಳಿಕೆ, ನಂಬಲು ಕಾರಣ, ದುಡುಕು ಅಥವಾ ನಿರ್ಲಕ್ಷ್ಯ ಎಂದು ಅಲ್ಲಲ್ಲೇ ಹೇಳಿಬಿಡುತ್ತದೆ. ನೀವು ಮಾಡಬೇಕಾದುದು ಪ್ರತಿ ಕಲಮಿನಲ್ಲಿ ಆ ಪದವನ್ನು ಹುಡುಕಿ ಅಡಿಗೆರೆ ಎಳೆಯುವುದು.

ಉದ್ದೇಶವನ್ನೂ ಪ್ರೇರಣೆಯನ್ನೂ ಬೆರೆಸಬೇಡಿ. ಹಸಿದ ಮಕ್ಕಳಿಗಾಗಿ ಕದ್ದರೂ ಕದಿಯುವ ಉದ್ದೇಶ ಇದ್ದೇ ಇದೆ. ಪ್ರೇರಣೆ ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ್ದು. ಮನಸ್ಸನ್ನು ಯಾರೂ ತೆರೆದು ನೋಡಲಾಗದು, ಹಾಗಾಗಿ ನ್ಯಾಯಾಲಯ ಆಯುಧ, ಏಟು ಬಿದ್ದ ಜಾಗ, ಏಟುಗಳ ಸಂಖ್ಯೆ, ಮೊದಲು ಆಡಿದ ಮಾತು, ಆಮೇಲಿನ ನಡತೆ ನೋಡಿ ಊಹಿಸುತ್ತದೆ. ಮನಸ್ಸಿನ ಅಂಶವೇ ಬೇಕಾಗದ ಅಪರಾಧಗಳೂ ಇವೆ. ಅದಕ್ಕೆ 1965ರ ಎಂ.ಎಚ್. ಜಾರ್ಜ್ ಪ್ರಕರಣವನ್ನು ಓದಿ. ಮರುವರ್ಷದ ನಾಥುಲಾಲ್ ತೀರ್ಪನ್ನು ಅದರ ಪಕ್ಕದಲ್ಲಿಟ್ಟು ಏಕೆ ಎರಡೂ ಬೇರೆ ದಾರಿ ಹಿಡಿದವು ಎಂದು ನಿಮ್ಮದೇ ಮಾತಿನಲ್ಲಿ ಅರ್ಧ ಪುಟ ಬರೆಯಿರಿ.

ಐದನೆಯ ಹೆಜ್ಜೆ: ಮುಗಿಯದ ಅಪರಾಧ, ಜೊತೆಗಿದ್ದವರು

ಇದನ್ನು ಬೇಗ ಮುಗಿಸಬಹುದು. ಉದ್ದೇಶ, ಸಿದ್ಧತೆ, ಪ್ರಯತ್ನ, ಪೂರ್ಣಗೊಂಡ ಕೃತ್ಯ ಎಂಬ ನಾಲ್ಕು ಹಂತಗಳಲ್ಲಿ ಸಾಮಾನ್ಯವಾಗಿ ಮೂರನೆಯದರಿಂದ ಶಿಕ್ಷೆ ಆರಂಭ. ಡಕಾಯಿತಿಯ ಸಿದ್ಧತೆಗೇ ಶಿಕ್ಷೆ ಇರುವುದು ಅಪವಾದ. ಗಡಿ ದಾಟುವ ಮೊದಲೇ ಭತ್ತದ ಲಾರಿ ಸಿಕ್ಕಿಬಿದ್ದ ಮಲ್ಕಿಯತ್ ಸಿಂಗ್ ಪ್ರಕರಣ ಸಿದ್ಧತೆಗೆ ಉದಾಹರಣೆ. ಸುಳ್ಳು ಪದವಿ ಹೇಳಿಕೊಂಡು ಪಟ್ನಾ ವಿಶ್ವವಿದ್ಯಾಲಯದ ಎಂ.ಎ. ಪರೀಕ್ಷೆಗೆ ಅರ್ಜಿ ಹಾಕಿದ ಅಭಯಾನಂದ ಮಿಶ್ರ ಪ್ರಕರಣ ಪ್ರಯತ್ನಕ್ಕೆ. ಎರಡನೆಯದನ್ನು ವಿದ್ಯಾರ್ಥಿಗಳು ಮರೆಯುವುದಿಲ್ಲ, ಕಾರಣ ಹೇಳಬೇಕಾಗಿಲ್ಲ.

ಸಮಾನ ಉದ್ದೇಶದ 3(5)ಕ್ಕೂ ಅಕ್ರಮ ಕೂಟದ 190ಕ್ಕೂ ಇರುವ ಭೇದವನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಮೊದಲನೆಯದಕ್ಕೆ ಇಬ್ಬರು ಸಾಕು, ಆದರೆ ಒಟ್ಟಾಗಿ ರೂಪಿಸಿಕೊಂಡ ಉದ್ದೇಶ ಮತ್ತು ಕೃತ್ಯದಲ್ಲಿ ಪಾಲು ಬೇಕು. ಎರಡನೆಯದಕ್ಕೆ ಐವರು ಬೇಕು, ಕೂಟದ ಸದಸ್ಯನಾಗಿರುವುದೇ ಹೊಣೆ ತರುತ್ತದೆ. ಅಂಚೆ ಕಚೇರಿಯ ಹೊರಗೆ ನಿಂತಿದ್ದೆನಷ್ಟೇ ಎಂದ ಬರೇಂದ್ರ ಕುಮಾರ್ ಘೋಷನ ವಾದವನ್ನು ಬ್ರಿಟಿಷ್ ಆಳ್ವಿಕೆಯ ಕಾಲದ ಅಂತಿಮ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ ಏಕೆ ಒಪ್ಪಲಿಲ್ಲ, 1945ರಲ್ಲಿ ಮೆಹಬೂಬ್ ಶಾನನ್ನು ಏಕೆ ಬಿಟ್ಟಿತು, ಇವೆರಡನ್ನೂ ಜೋಡಿಯಾಗಿ ಓದಿ.

ಆರನೆಯ ಹೆಜ್ಜೆ: ವಿನಾಯಿತಿಗಳು

ಪ್ರತಿ ಅಪರಾಧದ ವ್ಯಾಖ್ಯೆಯನ್ನೂ ಈ ಅಧ್ಯಾಯಕ್ಕೆ ಒಳಪಟ್ಟು ಓದಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕೃತ್ಯ ಸಾಬೀತಾದ ಮೇಲೂ ಕೇಳಬೇಕಾದ ಪ್ರಶ್ನೆಗಳು ಇಲ್ಲಿವೆ. ವಾಸ್ತವಾಂಶದ ತಪ್ಪು ತಿಳಿವಳಿಕೆಗೆ ರಕ್ಷಣೆ ಉಂಟು, ಕಾನೂನಿನ ಅಜ್ಞಾನಕ್ಕಿಲ್ಲ. ಏಳು ವರ್ಷದೊಳಗಿನ ಮಗು ಅಪರಾಧ ಮಾಡಲಾರದು. ಏಳರಿಂದ ಹನ್ನೆರಡರವರೆಗೆ ಮಗುವಿನ ತಿಳಿವಳಿಕೆ ಬಲಿತಿತ್ತೇ ಎಂದು ನೋಡಬೇಕು. ಚಿತ್ತಸ್ವಾಸ್ಥ್ಯವಿಲ್ಲದವರ ಕುರಿತ 22ನೆಯ ಕಲಮಿನಲ್ಲಿ ವೈದ್ಯರ ಚೀಟಿ ಇದ್ದರೆ ಸಾಕು ಎಂದು ಬರೆಯುವವರಿದ್ದಾರೆ. ಕೃತ್ಯದ ಸಮಯದಲ್ಲಿ ಅದರ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ತಿಳಿಯುವ ಶಕ್ತಿ ಇರಲಿಲ್ಲ ಎಂಬುದು ಬೇಕು; ಮೊದಲೂ ಆಮೇಲೂ ಇದ್ದ ಕಾಯಿಲೆ ಅದಕ್ಕೊಂದು ಸುಳಿವು ಮಾತ್ರ. ಕುಡಿದ ಅಮಲಿನಲ್ಲಿ ಮಾಡಿದ ಕೃತ್ಯದ ಬಗ್ಗೆ ತಿಳಿಯಲು, ಮದುವೆ ಮನೆಯಲ್ಲಿ ಜಾಗ ಬಿಡಲಿಲ್ಲವೆಂದು ಹುಡುಗನಿಗೆ ಗುಂಡು ಹೊಡೆದ ಬಾಸದೇವ್ ಪ್ರಕರಣ, 1956, ಸಾಕು.

ಖಾಸಗಿ ರಕ್ಷಣೆಯ ಹಕ್ಕಿಗೆ ಒಂದು ವಾರ ಕೊಡಿ. ಕಣದಲ್ಲಿ ರಾತ್ರಿ ಕಾವಲಿಗೆ ಮಲಗಿದ ರೈತನೊಬ್ಬ ಶೇಂಗಾದ ಚೀಲ ಹೊತ್ತ ಕಳ್ಳನನ್ನು ಕಂಡ ಎನ್ನಿ. ತಡೆಯಲು ಹೊಡೆಯಬಹುದು. ಬರೀ ಕಳವಿಗೆ, ಪ್ರಾಣಕ್ಕೋ ತೀವ್ರ ಗಾಯಕ್ಕೋ ಹೆದರಿಕೆ ಇಲ್ಲದಿದ್ದಾಗ, ಕೊಲ್ಲುವಷ್ಟು ಹಕ್ಕಿಲ್ಲ. ಕಳ್ಳ ಕುಡಗೋಲು ಎತ್ತಿದರೆ ಚಿತ್ರವೇ ಬೇರೆ. ಕಳ್ಳ ಚೀಲ ಬಿಸುಟು ಓಡತೊಡಗಿದ ಮೇಲೆ ಬೆನ್ನಟ್ಟಿ ತಲೆಗೆ ಹೊಡೆದರೆ? ಸ್ವತ್ತು ಮರಳಿ ಸಿಕ್ಕಿದೆ, ಹಕ್ಕು ಅಲ್ಲಿಗೆ ಮುಗಿದಿದೆ. ಯಾವಾಗ ಹುಟ್ಟಿತು, ಎಷ್ಟರವರೆಗೆ ಹೋಗಬಹುದಿತ್ತು, ಯಾವಾಗ ಮುಗಿಯಿತು: ಈ ಮೂರು ಪ್ರಶ್ನೆಗಳನ್ನು 34ರಿಂದ 44ರವರೆಗಿನ ಕಲಂಗಳ ಮೇಲೆ ಹಾಕಿ ನೋಡಿ, ಇಡೀ ಭಾಗ ತಾನಾಗಿ ಜೋಡಿಕೊಳ್ಳುತ್ತದೆ.

ವಿನಾಯಿತಿಯ ಪುರಾವೆ ಹೊಣೆ ಆರೋಪಿಯದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 108ನೆಯ ಕಲಂ ಹೇಳುತ್ತದೆ. ಆದರೆ ಅಪರಾಧವನ್ನು ಸಾಬೀತುಪಡಿಸುವ ಮೂಲ ಹೊಣೆ ಅಭಿಯೋಜನೆಯಿಂದ, ಅಂದರೆ ಆರೋಪ ಹೊರಿಸಿದ ಸರ್ಕಾರಿ ಪಕ್ಷದಿಂದ, ಕದಲುವುದಿಲ್ಲ. 1964ರ ದಹ್ಯಾಭಾಯಿ ತೀರ್ಪು ಅದಕ್ಕೆ ಆಧಾರ.

ಏಳನೆಯ ಹೆಜ್ಜೆ: 100 ಮತ್ತು 101

ಪರೀಕ್ಷಕರಿಗೂ ನ್ಯಾಯಾಧೀಶರಿಗೂ ಪ್ರಿಯವಾದ ಜಾಗ ಇದು. ದಂಡನೀಯ ನರಹತ್ಯೆ ದೊಡ್ಡ ವೃತ್ತ, ಕೊಲೆ ಅದರೊಳಗಿನ ಸಣ್ಣ ವೃತ್ತ. ಎಲ್ಲ ಕೊಲೆಯೂ ದಂಡನೀಯ ನರಹತ್ಯೆ. ಎಲ್ಲ ದಂಡನೀಯ ನರಹತ್ಯೆಯೂ ಕೊಲೆಯಲ್ಲ. ಎರಡೂ ಕಲಂಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಪದಕ್ಕೆ ಪದ ಹೋಲಿಸಿ. "ಸಾವು ಸಂಭವಿಸಬಹುದಾದ ಗಾಯ" ಎಂಬುದಕ್ಕೂ "ಸಹಜ ಕ್ರಮದಲ್ಲಿ ಸಾವಿಗೆ ಸಾಕಾಗುವ ಗಾಯ" ಎಂಬುದಕ್ಕೂ ಇರುವ ಅಂತರವೇ ಜೀವಾವಧಿಗೂ ಕೆಲವು ವರ್ಷಗಳ ಸೆರೆಗೂ ಇರುವ ಅಂತರ. ಈ ಹೋಲಿಕೆಯನ್ನು ಮೊದಲು ಮಾಡಿ ತೋರಿಸಿದ್ದು 1876ರ ಗೋವಿಂದ ಪ್ರಕರಣ, ಬಾಂಬೆ ಹೈಕೋರ್ಟಿನದು. ಆಗ ನಮ್ಮ ಧಾರವಾಡವೂ ಅದೇ ಹೈಕೋರ್ಟಿನ ವ್ಯಾಪ್ತಿಯಲ್ಲಿತ್ತು. ಅದರ ಜೊತೆ 1958ರ ವಿರ್ಸಾ ಸಿಂಗ್, 1976ರ ಪುನ್ನಯ್ಯ. ಈ ಮೂರನ್ನು ಪೂರ್ತಿ ಓದಿದವರು ಮೂವತ್ತರ ಸಾರಾಂಶ ಓದಿದವರಿಗಿಂತ ಚೆನ್ನಾಗಿ ಬರೆಯುತ್ತಾರೆ.

ಒಂದು ಸಮಸ್ಯೆಯನ್ನು ಬಿಡಿಸಿ ನೋಡೋಣ. ರೋಣ ತಾಲ್ಲೂಕಿನ ಒಂದು ಹೊಲ. ಬದುವಿನ ವಿಷಯಕ್ಕೆ ಅಣ್ಣ ತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆಯುತ್ತದೆ, ಕೈ ಕೈ ಮಿಲಾಯಿಸುತ್ತಾರೆ. ತಮ್ಮ ಅಲ್ಲೇ ಬಿದ್ದಿದ್ದ ಗುದ್ದಲಿಯ ಕಾವಿನಿಂದ ಅಣ್ಣನ ತಲೆಗೆ ಒಂದೇ ಏಟು ಹಾಕುತ್ತಾನೆ. ಮೂರನೆಯ ದಿನ ಅಣ್ಣ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಾಯುತ್ತಾನೆ. ತಮ್ಮನ ವಕೀಲರು, ಸಕಾಲದಲ್ಲಿ ಒಳ್ಳೆಯ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದ ಎನ್ನುತ್ತಾರೆ.

ಕಾರ್ಯಕಾರಣ ಮೊದಲು: ಚಿಕಿತ್ಸೆಯಿಂದ ಸಾವು ತಪ್ಪಿಸಬಹುದಿತ್ತು ಎಂಬ ವಾದವನ್ನು ಕಲಂ 100ರ ಎರಡನೆಯ ವಿವರಣೆಯೇ ತಳ್ಳಿಹಾಕುತ್ತದೆ. ಆಮೇಲೆ ಮನಸ್ಸು: ಕೊಲ್ಲುವ ನೇರ ಉದ್ದೇಶಕ್ಕೆ ಆಧಾರವಿಲ್ಲ, ಆದ್ದರಿಂದ 101ರ ಮೂರನೆಯ ಖಂಡ. ವಿರ್ಸಾ ಸಿಂಗ್ ಹೇಳಿದಂತೆ, ಗಾಯವಿದೆಯೇ, ಅದರ ಸ್ವರೂಪವೇನು, ಆ ಗಾಯವನ್ನೇ ಮಾಡುವ ಉದ್ದೇಶವಿತ್ತೇ ಅಥವಾ ಆಕಸ್ಮಿಕವೇ, ಅದು ಸಹಜ ಕ್ರಮದಲ್ಲಿ ಸಾವಿಗೆ ಸಾಕೇ? ಕೊನೆಯದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಸಾಕು ಎಂದು ವೈದ್ಯರು ಹೇಳಿದ್ದಾರೆ ಎಂದುಕೊಂಡರೂ ಕೆಲಸ ಮುಗಿಯುವುದಿಲ್ಲ. ನಾಲ್ಕನೆಯ ಅಪವಾದವಿದೆ: ಮುಂಚಿತ ಆಲೋಚನೆ ಇಲ್ಲದೆ, ದಿಢೀರ್ ಜಗಳದ ಆವೇಶದಲ್ಲಿ, ಅನುಚಿತ ಲಾಭ ಪಡೆಯದೆ, ಕ್ರೂರವಾಗಿ ವರ್ತಿಸದೆ. ಇಲ್ಲಿ ಎಲ್ಲವೂ ಹೊಂದುತ್ತವೆ. ಆದ್ದರಿಂದ ಕೊಲೆಯಲ್ಲದ ದಂಡನೀಯ ನರಹತ್ಯೆ, ಶಿಕ್ಷೆ ಕಲಂ 105ರ ಅಡಿ.

ಈಗ ಒಂದೇ ಒಂದು ಸಂಗತಿ ಬದಲಿಸಿ. ತಮ್ಮ ಮನೆಗೆ ಓಡಿ ಕೊಡಲಿ ತಂದ. ಅಪವಾದ ಕುಸಿಯುತ್ತದೆ. ಅಣ್ಣನೇ ಮೊದಲು ಕುಡಗೋಲು ಬೀಸಿದ್ದ ಎನ್ನಿ. ಖಾಸಗಿ ರಕ್ಷಣೆ ತೆರೆದುಕೊಳ್ಳುತ್ತದೆ. ಏಟು ತಲೆಗೆ ಬೀಳದೆ ಕಾಲಿಗೆ ಬಿದ್ದು, ಗಾಯ ನಂಜಾಗಿ ಸತ್ತ ಎನ್ನಿ. ಪ್ರತಿ ಸಮಸ್ಯೆಯನ್ನೂ ಹೀಗೆ ಕನಿಷ್ಠ ಮೂರು ಸಲ ತಿರುಚಿ ನೋಡಿ. ಇಬ್ಬರು ಮೂವರು ಗೆಳೆಯರು ಸೇರಿ ಮಾಡಿದರೆ ಇನ್ನೂ ಒಳ್ಳೆಯದು, ಚಿಗರಿ ಬಸ್ಸಿನಲ್ಲಿ ಮಾತ್ರ ದನಿ ತಗ್ಗಿಸಿ: ಕೊಡಲಿ ತಂದದ್ದು ಯಾವಾಗ ಎಂದು ಗಟ್ಟಿಯಾಗಿ ವಾದಿಸಿದರೆ ಅಕ್ಕಪಕ್ಕದ ಸೀಟು ಖಾಲಿಯಾಗುತ್ತದೆ.

ಎಂಟನೆಯ ಹೆಜ್ಜೆ: ತೀರ್ಪು ಮತ್ತು ನ್ಯಾಯಾಲಯ

ತೀರ್ಪಿನಿಂದ ತೆಗೆಯಬೇಕಾದುದು ಸಂಗತಿಗಳು, ಎದ್ದ ಪ್ರಶ್ನೆ, ಕೊಟ್ಟ ಉತ್ತರ, ಅದಕ್ಕೆ ಕಾರಣ. ಒಂದು ತೀರ್ಪಿಗೆ ಒಂದು ಪುಟ, ಹೆಚ್ಚಿಲ್ಲ. ಇಂಗ್ಲಿಷ್ ಕಷ್ಟವಾದರೆ ಮೊದಲು ಸಂಗತಿಗಳ ಭಾಗವನ್ನಷ್ಟೇ ಓದಿ ಕನ್ನಡದಲ್ಲಿ ಬರೆದುಕೊಳ್ಳಿ. ಕಥೆ ಗಟ್ಟಿಯಾದರೆ ಕಾನೂನಿನ ಭಾಗ ಅಷ್ಟು ಹೆದರಿಸುವುದಿಲ್ಲ.

ಕ್ರಿಮಿನಲ್ ವಿಚಾರಣೆ ತೆರೆದ ನ್ಯಾಯಾಲಯದಲ್ಲಿ ನಡೆಯುತ್ತದೆ. ಅತ್ಯಾಚಾರದಂತಹ ಪ್ರಕರಣಗಳ ಗುಪ್ತ ವಿಚಾರಣೆ ಬಿಟ್ಟರೆ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಹುಬ್ಬಳ್ಳಿಯ ತಿಮ್ಮಸಾಗರದ ನ್ಯಾಯಾಲಯ ಸಂಕೀರ್ಣ, ಧಾರವಾಡದ ಜಿಲ್ಲಾ ನ್ಯಾಯಾಲಯ ಎರಡೂ ಕೈಗೆಟಕುವಷ್ಟು ಹತ್ತಿರ. ಅಲ್ಲಿ ಸಾಕ್ಷಿಯ ಹೇಳಿಕೆ ಕನ್ನಡದಲ್ಲಿ ದಾಖಲಾಗುತ್ತದೆ. ಫಿರ್ಯಾದಿ, ಪಂಚನಾಮೆ, ಮುದ್ದೆಮಾಲು (ಜಪ್ತಿಯಾದ ವಸ್ತು), ಪಾಟೀ ಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಗೆ ಹಾಕುವ ಪ್ರಶ್ನೆಗಳು) ಎಂಬ ಪದಗಳು ಬಳಕೆಯಲ್ಲಿ ಸಿಗುತ್ತವೆ. ಪಂಚರು ತಿರುಗಿಬೀಳುವುದನ್ನು, ಪೊಲೀಸ್ ಅಧಿಕಾರಿಯನ್ನು ವಕೀಲರು ಸಮಯದ ಬಗ್ಗೆ ಕೆದಕುವುದನ್ನು ನೋಡಿ: ಯಾವ ಅಂಶವನ್ನು ಬೀಳಿಸಲು ಆ ಪ್ರಶ್ನೆ ಎಂದು ನೋಟ್‌ಬುಕ್ಕಿನಲ್ಲಿ ಗುರುತಿಸಿ. ಮೇಲ್ಮನವಿಯ ವಾದ ಕೇಳಬೇಕಾದರೆ ಧಾರವಾಡದ ಹೊರವಲಯದಲ್ಲಿ, ಹೆದ್ದಾರಿಯ ಪಕ್ಕ, 2013ರಿಂದ ಕಾಯಂ ಆಗಿರುವ ಹೈಕೋರ್ಟ್ ಪೀಠವಿದೆ. ಅಲ್ಲಿ ಸಾಕ್ಷಿಗಳಿಲ್ಲ, ಕಾಗದದ ಮೇಲಿನ ಜಗಳ. ಮೊದಲ ವರ್ಷದವರಿಗೆ ಬೇಸರವಾಗಬಹುದು.

ಒಂಬತ್ತನೆಯ ಹೆಜ್ಜೆ: ಉತ್ತರ ಬರೆಯುವುದು

ಪ್ರಶ್ನೆಪತ್ರಿಕೆ ಐದು ಘಟಕಗಳದು. ಪ್ರತಿಯೊಂದರಲ್ಲೂ ಒಂದು ದೀರ್ಘ ಪ್ರಶ್ನೆ, ಒಂದು ಟಿಪ್ಪಣಿ ಅಥವಾ ಸಮಸ್ಯೆ. ಒಂದು ಘಟಕವನ್ನು ಪೂರ್ತಿ ಬಿಟ್ಟು ಹೋಗುವ ಜೂಜು ಈ ಮಾದರಿಯಲ್ಲಿ ನಡೆಯುವುದಿಲ್ಲ. ಉತ್ತರ ಪೂರ್ತಿ ಕನ್ನಡದಲ್ಲಿರಬೇಕು, ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿ. ಯಾವುದು ಎಂದು ಸೆಮಿಸ್ಟರಿನ ಆರಂಭದಲ್ಲೇ ತೀರ್ಮಾನಿಸಿ ಅದರಲ್ಲೇ ಅಭ್ಯಾಸ ಮಾಡಿ. ಕನ್ನಡದಲ್ಲಿ ಬರೆಯುವವರು ಕೀಳರಿಮೆ ಪಡಬೇಕಾಗಿಲ್ಲ. ಪಾರಿಭಾಷಿಕ ಪದ ಒಂದೇ ರೀತಿಯಲ್ಲಿರಲಿ. ಮೊದಲ ಪುಟದಲ್ಲಿ ದಂಡನೀಯ ನರಹತ್ಯೆ ಎಂದು ಬರೆದು ಮೂರನೆಯದರಲ್ಲಿ ಅಪರಾಧಿಕ ಮಾನವ ವಧೆ ಎಂದರೆ ಪರೀಕ್ಷಕರಿಗೆ ಗೊಂದಲ.

ಸಮಸ್ಯೆಗೆ ತೀರ್ಮಾನದಿಂದ ಶುರು ಮಾಡಬೇಡಿ. ಎದ್ದಿರುವ ಪ್ರಶ್ನೆ ಒಂದು ವಾಕ್ಯದಲ್ಲಿ, ಕಲಂ ಮತ್ತು ಅದರ ಅಂಶಗಳು, ಪ್ರತಿ ಅಂಶಕ್ಕೆ ಕೊಟ್ಟಿರುವ ಸಂಗತಿಯನ್ನು ಹೊಂದಿಸುವುದು, ವಿನಾಯಿತಿ ಇದೆಯೇ ಎಂಬ ಪರಿಶೀಲನೆ, ಕೊನೆಗೆ ಉತ್ತರ. ಹೆಚ್ಚು ಅಂಕ ಮೂರನೆಯ ಭಾಗದಲ್ಲಿದೆ, ವಿದ್ಯಾರ್ಥಿಗಳು ಕಡಿಮೆ ಬರೆಯುವುದೂ ಅದನ್ನೇ. ತೀರ್ಪಿನ ಹೆಸರು ಮರೆತರೆ ಕಲ್ಪಿಸಬೇಡಿ. "ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ" ಎಂದು ಬರೆದು ತತ್ವವನ್ನು ಸರಿಯಾಗಿ ಹೇಳಿ. ಸಂಖ್ಯೆ ಬರೆಯುವಾಗ ಹೊಸದನ್ನು ಮೊದಲು, ಹಳೆಯದನ್ನು ಪಕ್ಕದಲ್ಲಿ.

ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಲ್ಲಿ ಹಳೆಯ ಕಲಂಗಳಿರುತ್ತವೆ. ಅವನ್ನು ಬಿಸಾಡದೆ, ಪ್ರತಿ ಪ್ರಶ್ನೆಯ ಸಂಖ್ಯೆಗಳನ್ನು ನಿಮ್ಮ ಎರಡು ಅಂಕಣದ ನೋಟ್‌ಬುಕ್ ನೋಡಿ ತಿದ್ದಿ, ಗಡಿಯಾರ ಇಟ್ಟುಕೊಂಡು ಬರೆಯಿರಿ. ಬರೆದದ್ದನ್ನು ತರಗತಿಯ ಶಿಕ್ಷಕರಿಗೆ ತೋರಿಸಿ. ಅವರಿಗೆ ಬಿಡುವಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲಿ ಪರಿಚಯವಾದ ಕಿರಿಯ ವಕೀಲರನ್ನು ಕೇಳಿ. ಮಧ್ಯಾಹ್ನದ ವಿರಾಮದಲ್ಲಿ ಒಂದು ಚಹಾ ಕೊಡಿಸಿದರೆ ಬಹಳಷ್ಟು ಜನ ಓದಿ ಕೆಂಪು ಗೆರೆ ಎಳೆದು ಕೊಡುತ್ತಾರೆ.